ಭಂಗಾರ

ನಮ್ಮ ಅಕ್ಕಲಕೋಟದಲ್ಲಿ
ಬಂಗಾರಕ್ಕೂ ಭಂಗಾರಕ್ಕೂ ನಡುವೆ ಒಂದೇ ಉಸಿರು.
ಕನ್ನಡದಲ್ಲಿ ಹಗುರ ಬಿಟ್ಟರೆ ಚಿನ್ನ,
ಮರಾಠಿಯಲ್ಲಿ ಒತ್ತಿ ಬಿಟ್ಟರೆ ಗುಜರಿ.

“ಭಂಗಾರ ತಂದೀನಿ” ಅಂದೆ ಸುಗಲಾಗೆ.
ಉಸಿರು ಅವಳಿಗೆ ಕೇಳಿಸಲಿಲ್ಲ.
ಹಿಟ್ಟಿನ ಕೈ ಒರೆಸಿಕೊಂಡು ಓಡಿ ಬಂದಳು.
ಟಂಟಂ ಗಾಡಿಯಲ್ಲಿ ಅಂಗಾತ ಬಿದ್ದಿತ್ತು
ಬೀಡಿನ ಮೇಜು, ನಡುವೆ ಸೀಳು,
ಸೀಳಿನಲ್ಲಿ ಹಲ್ಲು ಮುರಿದ ಗರಗಸದ ಗಾಲಿ.
ಮೂರು ದಿನ ಮಾತಾಡಲಿಲ್ಲ.

ಸೋಲಾಪುರದ ಬಸ್ಸಿನ ಕಂಡಕ್ಟರ ನಾನು.
ಶಬ್ಬೀರನ ಅಂಗಡಿ ಮುಂದೆ ಎರಡು ಮಳೆಗಾಲ
ಅದರ ಮೇಲೆ ಕೋಳಿ ಕೂತಿದ್ದನ್ನು
ಟಿಕೀಟು ಹರಿಯುತ್ತ ಕಿಟಕಿಯಿಂದ ಕಂಡಿದ್ದೆ.
ತೂಕದ ಲೆಕ್ಕಕ್ಕೆ ಕೊಟ್ಟ. ಕೋಳಿ ಬಿಟ್ಟು.

ಮೋಟರು ನರಸಯ್ಯ ಎಮೂಲನದು.
ಚಾದರ ನೇಯುತ್ತಿದ್ದ ಅವನ ಶೆಡ್ಡಿನಲ್ಲಿ ಈಗ
ಯಾರದೋ ಫ್ರಿಜ್ಜುಗಳ ಗೋದಾಮು.
ಗೋಣಿಯಲ್ಲಿ ಸುತ್ತಿ ಹಿಂದಿನ ಸೀಟಿನಡಿ ಇಟ್ಟು
ಲಗೇಜಿನ ಟಿಕೀಟು ನಾನೇ ಹರಿದು ನನಗೇ ಕೊಟ್ಟುಕೊಂಡೆ.
ಡ್ರೈವರ ಧೂಳಪ್ಪ ಕನ್ನಡಿಯಲ್ಲಿ ನಕ್ಕ:
“ಮೋಟರಿಗಿ ಹಾಫ್ ಟಿಕೀಟ ಇಲ್ಲೇನೋ?”
ಸಿಂಗಲ್ ಫೇಸಿಗೆ ಸುತ್ತಿಸಿ ತಂದ ಮೇಲೂ
ಫ್ಯಾನಿನ ಜಾಲಿಯಲ್ಲಿ ಒಂದೆಳೆ ಕೆಂಪು ನೂಲು ಉಳಿದಿತ್ತು.
ಚಿಮಟ ಹಿಡಿದವನು ಹಾಗೇ ಬಿಟ್ಟೆ.

ತುಕ್ಕು ನನ್ನ ರಜೆಗಳನ್ನು ತಿಂದಿತು.
ಚಿಮಣಿ ಎಣ್ಣೆ, ಹುಣಸೆ ರಸ, ಉಸುಕಿನ ಕಾಗದ, ಮತ್ತೆ ಎಣ್ಣೆ.
ಬೇರಿಂಗು ಬಡಿದು ತೆಗೆದಾಗ ಒಡೆದು
ಗುಂಡುಗಳು ಅಂಗಳದ ತುಂಬ ಉರುಳಿದವು,
ಪಕ್ಕದ ಮನೆಯ ಹುಡುಗ ಎರಡನ್ನು ಗೋಲಿಯಾಟದಲ್ಲಿ ಸೋತು ಬಂದ.
ಹೊಸ ಬೆಲ್ಟು. ನಲವತ್ತು ಹಲ್ಲಿನ ಹೊಸ ಅಲಗು.
ಅಲಗಿನ ಬೆನ್ನಿಗೆ,
ಸೀಳಿದ ಹಲಗೆ ಮತ್ತೆ ಕೂಡಿ ಕಚ್ಚಿಕೊಳ್ಳದ ಹಾಗೆ,
ಒಂದು ಉಕ್ಕಿನ ಪಟ್ಟಿ.
ಇದು ಮೊದಲು ಇರಲೇ ಇಲ್ಲ.

ಆಮೇಲೆ ಒಂದು ರವಿವಾರ
ಮುಂದಿನ ಅಡ್ಡಪಟ್ಟಿಯ ತುಕ್ಕು ಬಿಟ್ಟಾಗ
ಅರದಿಂದ ಗೀರಿದ ಅಂಕಿಗಳು ಎದ್ದವು:
೬ರ ಬಾಲ, ೭ರ ಹೊಟ್ಟೆ,
ಕನ್ನಡದವೇ.
ತುದಿಯಲ್ಲಿ ‘ಮೋ’ ಅಂತ ಒಂದಕ್ಷರ.
ಮೋನಪ್ಪನೋ ಮೋಹನನೋ, ಶಬ್ಬೀರನಿಗೂ ಗೊತ್ತಿಲ್ಲ.

ಟೇಪು ಹಿಡಿದು ನೋಡಿದೆ.
ಒಂದೊಂದು ಗೀರೂ ಒಂದೊಂದು ಸೂತ ತಪ್ಪು.
ಇಂಚಿನ ಎಂಟನೆಯ ಪಾಲಿಗೆ
ಇಲ್ಲಿಯ ಸುತಾರ ಸೂತ ಅಂತಾನೆ,
ಆಳಂದದ ಬಡಿಗ ನೂಲು ಅಂತಾನೆ,
ಎರಡೂ ದಾರವೇ.
ಪಾಪ, ಅಕ್ಷರ ಬಂದರೂ ಅಳತೆ ಬಂದಿಲ್ಲ ಅಂದುಕೊಂಡು
ತಿದ್ದಲು ಅರ ಎತ್ತಿಕೊಂಡಿದ್ದೆ.

ಗಿರಣಿಯಿಂದ ಬಂದ ಸುಗಲಾ
ಹಿಟ್ಟಿನ ಡಬ್ಬಿ ಇಳಿಸದೆ ಬಗ್ಗಿ ನೋಡಿದಳು:
“ಕೊರದಾಗ ಹೊಟ್ಟು ಉದುರತದಲ್ಲ,
ಅದರ ಲೆಕ್ಕ ಎಲ್ಲಿ ಹಿಡದೀರಿ?
ಗಿರಣ್ಯಾಗ ಬೀಸಿದ್ರ ಅದೂ ಒಂದೀಟು ತಿಂತದ.”

ಅರ ಕೆಳಗಿಟ್ಟೆ.
ಹಳೆಯ ಅಲಗಿನ ದಪ್ಪ ಅಳೆದೆ. ಸರಿಯಾಗಿ ಒಂದು ಸೂತ.
ಅಲಗು ತಿನ್ನುವುದನ್ನು ಮೊದಲೇ ಕಳೆದು
ಗೀರಿಟ್ಟಿದ್ದಾನೆ ಆ ಮೋ.
ನನ್ನ ಹೊಸ ಅಲಗು ತೆಳುವು, ಅಷ್ಟು ತಿನ್ನುವುದಿಲ್ಲ.
ಅವನ ಗೀರಿಗೂ ನನ್ನ ಹಲಗೆಗೂ ನಡುವೆ
ಒಂದು ಕೂದಲಿನ ಅಂತರ ಹಾಗೇ ಉಳಿಯಿತು.

ಕೊನೆಗೆ ಖಟಕಾ ಬದಲಿಸಿದೆ.
ಹಳೆಯದು ಕಬ್ಬಿಣದ ಹಿಡಿಕೆ. ಕರೆಂಟು ಹೋಗಿ ಬಂದರೆ
ಯಾರನ್ನೂ ಕೇಳದೆ ತಿರುಗುವಂಥದ್ದು.
ಎಷ್ಟು ಬೆರಳು ಕಂಡಿತ್ತೋ.
ಈಗ ಹಸಿರು ಗುಂಡಿ, ಅಂಗೈಯಗಲ ಕೆಂಪು ಗುಂಡಿ:
ಒಂದು ಗಂಟೆಗೆ ನಿಲ್ಲು, ಎರಡು ಗಂಟೆಗೆ ಹೊರಡು.

ಬೇವಿನ ಹಲಗೆ ಇಟ್ಟೆ.
“ಡಬ್ಬಲ್ ಬೆಲ್” ಅಂತ ಬಾಯಿಂದ ತಾನೇ ಬಂತು,
ಸುಗಲಾ ನಕ್ಕಳು.
ಕಹಿ ವಾಸನೆ, ಮೊಣಕೈವರೆಗೆ ಹಳದಿ ಹೊಟ್ಟು,
ಹಲಗೆ ಅರ್ಧ ದಾಟಿತ್ತು,
ಕರೆಂಟು ಹೋಯಿತು.

ಅಲಗು ಸುತ್ತಿ ಸುತ್ತಿ ಸೋತು ನಿಂತಿತು.
ಕತ್ತಲಲ್ಲಿ ಹಲಗೆ ಹಿಡಿದುಕೊಂಡೇ ನಿಂತೆ.
ಪಕ್ಕದ ಮನೆಯಲ್ಲಿ ಯಾರೋ ಮೇಣಬತ್ತಿ ಹುಡುಕುತ್ತಿದ್ದರು.

ಬಂತು. ಬಲ್ಬು ಹತ್ತಿತು,
ಟೀವಿ ಮರಾಠಿಯಲ್ಲಿ ಜಗಳ ಮುಂದುವರಿಸಿತು.
ಗರಗಸ ಮಾತ್ರ ಸುಮ್ಮನಿತ್ತು,
ಸ್ಟಿಯರಿಂಗಿನ ಮೇಲೆ ಕೈಯಿಟ್ಟು
ನನ್ನ ಎರಡು ಗಂಟೆಗೆ ಕಾಯುವ
ಧೂಳಪ್ಪನ ಹಾಗೆ.