ಒಂದು ಚೊಂಬು

ಹಾಲಿಗೆ ನೀರು ಬೆರೆಸಿದೆ, ಸ್ವಾಮಿ.
ಎಷ್ಟು? ಎಂದರು ಜಾಲರಿಯಾಚೆಯಿಂದ.
ದಿನಕ್ಕೊಂದು ಚೊಂಬು. ಮೂವತ್ತು ದಿನ.
ತಪಸ್ಸುಕಾಲದಲ್ಲೇ.

ಮಾಂಸ ಬಿಟ್ಟಿದ್ದೆ, ಶುಕ್ರವಾರ ಒಪ್ಪೊತ್ತು,
ಶಿಲುಬೆಹಾದಿಯ ಹದಿನಾಲ್ಕು ಸ್ಥಳಕ್ಕೂ ಮಂಡಿಯೂರಿದ್ದೆ;
ಬೆಳಗಿನ ಐದೂವರೆಗೆ ಮಾತ್ರ
ಬೋರ್‌ವೆಲ್ಲಿನ ಸಪ್ಪೆ ನೀರು ಕ್ಯಾನಿಗೆ.

ಡೇರಿಯಲ್ಲಿ ಲ್ಯಾಕ್ಟೋಮೀಟರು ಮುಳುಗಿದ ದಿನ
ಎರಡು ಕ್ಯಾನು ಅಕ್ಕಪಕ್ಕ.
ಇದು ಯಾರದು? ಎಂದ ಕಾರ್ಯದರ್ಶಿ.
ನಾನು ಸುಮ್ಮನಿದ್ದೆ. ಅಷ್ಟೇ, ಸ್ವಾಮಿ, ಸುಮ್ಮನಿದ್ದೆ.
ಕಪ್ಪು ಹಲಗೆಗೆ ಮುನಿಲಕ್ಷ್ಮಮ್ಮನ ಹೆಸರು ಏರಿತು,
ಒಂದು ವಾರ ಅವಳ ಹಾಲು ಯಾರೂ ಅಳೆಯಲಿಲ್ಲ.
ಹೆಸರು ಇನ್ನೂ ಹಾಗೇ ಇದೆ.

ಬಹಳ ಹೊತ್ತು ಮಾತಿಲ್ಲ.
ಬಂಗಾರಪೇಟೆ ಕಡೆಗೆ ಒಂದು ಗೂಡ್ಸು ಗಾಡಿ
ಕೊನೆಯ ಡಬ್ಬಿಯವರೆಗೂ ಹೋಯಿತು.
ನೀರನ್ನು ದೇವರಿಗೆ ಬಿಡು, ಎಂದರು,
ಸೀಮೆಸುಣ್ಣ ನೀನು ಒರೆಸು.

ಪಾಸ್ಕದ ಪೂಜೆಯಲ್ಲಿ ಅದೇ ಕೈ
ದ್ರಾಕ್ಷಾರಸದ ಬಟ್ಟಲಿಗೆ ಒಂದು ಹನಿ ನೀರು ಬಿಟ್ಟಿತು.
ಅರವತ್ತು ವರ್ಷದಿಂದ ನಡೆವ ಕೆಲಸ,
ಅಂದೇ ನನ್ನ ಕಣ್ಣಿಗೆ ಬಿದ್ದದ್ದು.
ಕಲಬೆರಕೆ ಎಂದು ಯಾರೂ ಅನ್ನಲಿಲ್ಲ.
ಯಾವ ಗಾಜಿನ ಕೊಳವೆ
ಆ ಹನಿಯನ್ನು ಹುಡುಕಿ ಹೊರಗೆಳೆದೀತು?

ಆದರೂ ಸತ್ಪ್ರಸಾದಕ್ಕೆ ಏಳಲಿಲ್ಲ.

ಸಂಜೆ ಅವಳ ಕೊಟ್ಟಿಗೆಯಲ್ಲಿ ನಿಂತೇ ಹೇಳಿದೆ.
ಹಸು ಒಮ್ಮೆ ತಲೆ ಎತ್ತಿ ಮತ್ತೆ ಮೇವಿಗಿಳಿಯಿತು.
‘ನಿನ್ನ ಚೊಂಬಿನ ತಳ ಸೊಟ್ಟ, ಸವರಮ್ಮ.
ಕ್ಯಾನಿಗೆ ತಗಲಿದರೆ ನಮ್ಮನೆಗೂ ಕೇಳುತ್ತೆ.’

ಲೋಟ ಕೊಟ್ಟಳು.
ಬರೀ ಹಾಲು, ನೊರೆ ಇನ್ನೂ ಬಿಸಿ.
ಅಷ್ಟನ್ನು ಕುಡಿಯಲು
ಎಷ್ಟು ಹೊತ್ತು ಹಿಡಿಯಿತು!