ಒಳಗೆಳೆದ ಹೌದು

ಪೆರಿಯದಲ್ಲಿ ಓದಲು ಇಥಿಯೋಪಿಯಾದಿಂದ ಬಂದ ಹಿವೋತ್
ಎರಡು ವರ್ಷ ನಮ್ಮ ಚಾವಡಿ ಕೋಣೆಯಲ್ಲಿದ್ದಳು.

ಊಟ ಸಾಕಾ ಅಂದರೆ ಸುಯ್ಯೆಂದು ಉಸಿರು ಒಳಗೆಳೆಯುವಳು,
ಚೇಳು ಕಚ್ಚಿದವರ ಹಾಗೆ.
"ಎಂತಾಯ್ತು ಮಗಾ?" ಅತ್ತೆ ಸೌಟು ಬಿಟ್ಟು ಓಡುವರು.
ಏನಿಲ್ಲ. ಅವರ ಕಡೆ ಅದು ಹೌದು.

ದೋಸೆಗೆ ಹುಳಿ ಸಾಲದು ಎಂದಳು.
ಹಿಟ್ಟು ಮೂರು ದಿನ ಮುಚ್ಚಿಟ್ಟರು,
ನನ್ನ ಮೂಗನ್ನು ಕೇಳದೆ.
ಇಬ್ಬರಿಗೂ ಆಗುವ ಭಾಷೆ ಇರಲಿಲ್ಲ;
ಸಿಗಡಿ ಸುಲಿಯುತ್ತ ಗಂಟೆಗಟ್ಟಲೆ
ಏನನ್ನೋ ಒಪ್ಪಿಕೊಳ್ಳುತ್ತಿದ್ದರು.

ಹೋದಳು. ಅತ್ತೆ ಅಳಲಿಲ್ಲ.

ನಿನ್ನೆ ರೇಷನ್ ಅಂಗಡಿಯಲ್ಲಿ
ಇಷ್ಟು ಅಕ್ಕಿ ಸಾಕಾ ಅಂದ ಕುಂಞಿಕಣ್ಣ.
ಅತ್ತೆ ಸುಯ್ಯೆಂದು ಉಸಿರೆಳೆದರು.
ಅವನು ಗಾಬರಿಯಲ್ಲಿ ನೀರು ತಂದ: "ಎಂದಾ ಅಮ್ಮೇ?"

ಏನಿಲ್ಲ, ತೂಗಿ ಅಂದೆ.
ಹನ್ನೊಂದು ವರ್ಷದಲ್ಲಿ ನನಗೆ ಒಂದೂ ಸಿಗದ
ಹೌದು ಅದು.