ಕಾವು

ಸೋಮವಾರ ಬೆಳಗ್ಗೆ ಮಸೇರುವಿನ ಬಸ್ ನಿಲ್ದಾಣದ ಹಿಂದೆ
ಮಾಲೆರಾಟೊ ಮೂರು ಡಜನ್ ಎಣಿಸಿ ಕೊಡುತ್ತಾಳೆ.
'ವಾರ ವಾರ ಇಷ್ಟು ಮೊಟ್ಟೆ!
ಆಸ್ಪತ್ರೆಯಲ್ಲಿ ಮದುವೆಯ ಕೇಕು ಸುಡುತ್ತೀರೇನು?'
ಕಾವಿಗೆ ಕೂರಿಸುತ್ತೇನೆ ಅಂದೆ.
ಸುಳ್ಳೇನಲ್ಲ.

ಸಾಬೂನಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ,
ಒಂದೊಂದೇ ಒಡೆದು, ಮೂಸಿ,
ಹಳದಿ ಬಿಳಿ ಕಲಸಿ ಜಾಳು ಬಟ್ಟೆಯಲ್ಲಿ ಸೋಸಿ,
ಮ್ಯಾಲಕೈಟ್ ಹಸಿರು ಬೆರೆಸಿ,
ಟ್ಯೂಬುಗಳನ್ನು ಓರೆಯಾಗಿ ಮಲಗಿಸಿ ಬೇಯಿಸಿದರೆ
ಮರಿಯಾಗಬೇಕಿದ್ದದ್ದು
ಇಳಿಜಾರಿನ ಹೊಲ.

ಬೀಜ ಬರುವುದು ಕುದುರೆಯ ಮೇಲೆ.
ಮೊಖೋಟ್ಲಾಂಗಿನ ಮೇಲಿನ ಕಣಿವೆಗಳಿಂದ
ಡಬ್ಬಿಯನ್ನು ಎದೆಗೆ ಕಟ್ಟಿಕೊಂಡು ಮೊಖೆಲೆ ಇಳಿಯುತ್ತಾನೆ.
ಜುಲೈ. ದಾರಿಯ ಮೇಲೆ ಮೊಣಕಾಲುದ್ದ ಹಿಮ.
ಐಸ್ ಹಾಕುವ ಖರ್ಚು ಉಳಿಯಿತು, ಅನ್ನುತ್ತಾನೆ.

ಒಳಗೆ ಲೆಬೂಸಾನ ಕಫ.
ವಯಸ್ಸು ಹತ್ತೊಂಬತ್ತು, ತೂಕ ನಲವತ್ತೊಂದು,
ಕೆಲಸ: ಕುರಿ ಕಾಯುವುದು.
ಫಾರಮ್ಮಿನಲ್ಲಿರುವಷ್ಟೇ ನನಗೆ ಗೊತ್ತು.

ಯಂತ್ರ ಎರಡು ಗಂಟೆಯಲ್ಲಿ ಹೇಳಿಬಿಟ್ಟಿತು:
ಇದೆ. ರಿಫಾಂಪಿಸಿನ್‌ಗೆ ಜಗ್ಗದು.
ಮತ್ತೆ ಯಾವುದಕ್ಕೆ ಜಗ್ಗೀತು ಎಂದರೆ
ಯಂತ್ರ ಮೂಕ.
ಬೆಳೆಸಿಯೇ ನೋಡಬೇಕು.

ಭೇದಿಯ ಕ್ರಿಮಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ.
ಇದು ದಿನಕ್ಕೊಮ್ಮೆ,
ಅದೂ ಮನಸ್ಸಿದ್ದರೆ.

ಮೂರನೆಯ ವಾರ ಟ್ಯೂಬಿನ ತುಂಬ ಬೂಷ್ಟು.
ನನ್ನದೇ ಕೈತಪ್ಪು. ಕ್ಷಾರದಲ್ಲಿ
ಎರಡು ನಿಮಿಷ ಕಡಿಮೆ ಬಿಟ್ಟಿದ್ದೆ, ಫೋನು ಬಂದಿತ್ತು.
ಆ ಎರಡು ನಿಮಿಷಕ್ಕಾಗಿ
ಮೊಖೆಲೆಯ ಕುದುರೆ ಎರಡು ದಿನ ಬೆಟ್ಟ ಹತ್ತಿತು.

'ಇನ್ನೊಮ್ಮೆ ಕೆಮ್ಮಪ್ಪಾ' ಅಂದನಂತೆ.
ಲೆಬೂಸಾ ಕಂಬಳಿಯ ಪಿನ್ನು ಬಿಚ್ಚಿ
ಕುರಿಗಳಿಗೆ ಬೆನ್ನು ಮಾಡಿ ನಿಂತು ಕೆಮ್ಮಿದನಂತೆ.
ಈ ಸದ್ದಿಗೆ ಅವು ಬೆದರಿ ಚೆದುರುತ್ತವಂತೆ.

ಅಂದಾಜಿನ ಮಾತ್ರೆ ನುಂಗಿಕೊಂಡು
ಅವನು ಅಲ್ಲಿ ಕುರಿ ಕಾಯುತ್ತಾನೆ.
ಮೂವತ್ತೇಳು ಡಿಗ್ರಿಯಲ್ಲಿ ಪೆಟ್ಟಿಗೆ ಕಾಯುತ್ತದೆ.
ನಾನು ಕಾಯುತ್ತೇನೆ.

ಆರನೆಯ ವಾರ, ಹಸಿರಿನ ಮೇಲೆ
ನಸುಹಳದಿ, ನುಚ್ಚು ನುಚ್ಚು,
ಗಂಜಿಯ ಪಾತ್ರೆಯ ತಳಕ್ಕೆ ಹತ್ತಿದ ಸೀಕಿನಂತೆ.
ಬಂದೆಯಾ, ಅಂದೆ.
ಯಾರಿಗೆ ಹಾಗೆ ಅಂದೆನೋ ನೆನೆದು ನಾಚಿಕೆಯಾಯಿತು.

ಮತ್ತೆ ಬಿತ್ತನೆ: ಐದರಲ್ಲಿ ಐದು ಮದ್ದು,
ಆರನೆಯದು ಬರಿದೆ, ಹೋಲಿಸಲು.
ಮತ್ತೆ ನಾಲ್ಕು ವಾರ.

ಬರಿದೆ ಬಿಟ್ಟದ್ದು ಹುಲುಸಾಗಿದೆ.
ಮೊದಲ ಮದ್ದಿನಲ್ಲಿ ಬೆಳೆ.
ಎರಡರಲ್ಲೂ ಬೆಳೆ.
ಮೂರನೆಯದನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ,
ಕನ್ನಡಕ ಒರೆಸಿ ಮತ್ತೆ ಹಿಡಿದೆ.
ಬರೀ ಹಸಿರು.
ನಾಲ್ಕರಲ್ಲಿ ಬರೀ ಹಸಿರು. ಐದರಲ್ಲಿ—
ಹೊಲ ಬರಡಾದದ್ದಕ್ಕೆ
ಇಷ್ಟು ಖುಷಿಪಟ್ಟವರು ನಮ್ಮ ಮನೆತನದಲ್ಲೇ ಇಲ್ಲ.

ಡಾಕ್ಟರಿಗೆ ಮೂರು ಮದ್ದಿನ ಹೆಸರು ಬರೆದು ಕಳಿಸಿದೆ.
ಮುಂದಿನದು ನನಗೆ ತಿಳಿಯುವುದಿಲ್ಲ.
ನನಗೆ ಬರುವುದು ಕಫ ಮಾತ್ರ.
ಅದು ಬರುವುದು ನಿಂತರೆ
ಎರಡು ಅರ್ಥ.

ಸೋಮವಾರ ಮಾಲೆರಾಟೊ ಕೇಳಿದಳು,
'ನನ್ನ ಮೊಟ್ಟೆ ಹೇಗಿದ್ದವು? ಮರಿ ಹೊರಟವಾ?'
'ಮೂರರಲ್ಲಿ ಏನೇನೂ ಹುಟ್ಟಲಿಲ್ಲ!'
ನಗು ತಡೆಯಲಾಗದೆ ಅಂದೆ.
ಅವಳ ಮುಖ ಸಣ್ಣದಾಯಿತು.
ಬುಟ್ಟಿಯ ತಳದ ಹುಲ್ಲಿನೊಳಗೆ ಕೈಯಾಡಿಸಿ
ಇನ್ನೂ ಬೆಚ್ಚಗಿದ್ದ ಮೂರನ್ನು ಹುಡುಕಿ
ನನ್ನ ಚೀಲಕ್ಕೆ ಇಟ್ಟಳು,
ದುಡ್ಡು ಮುಟ್ಟಲಿಲ್ಲ.